ಮೂರು ದಾರಿಗಳ ಪಾಠ: ಸಣ್ಣ ಟೆಲಿಫೋನ್ ವ್ಯವಸ್ಥೆಗೆ ಐಚ್ಛಿಕ ಉಪಕರಣ ಜೋಡಿಸುವುದನ್ನು ಕಲಿಸುವ ಬಗೆ

ವಿದ್ಯುತ್ತಿನ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದು ಬ್ಯಾಟರಿ, ಒಂದು ಸ್ವಿಚ್ಚು, ಒಂದು ಬಲ್ಬಿನಲ್ಲಿ ಪಾಠ ಮುಗಿಸುತ್ತಾರೆ. ಅದು ತಪ್ಪಲ್ಲ. ಆದರೆ ಹತ್ತನೆಯ ತರಗತಿಯ ಮಗು ಆ ಹೊತ್ತಿಗೆ ಓಮ್‌ನ ನಿಯಮ, ವಿದ್ಯುತ್ಕಾಂತ, ಭೂಸಂಪರ್ಕ, ಫ್ಯೂಸ್ ಎಲ್ಲವನ್ನೂ ಬಿಡಿಬಿಡಿಯಾಗಿ ಓದಿರುತ್ತದೆ. ಇವೆಲ್ಲ ಒಂದೇ ಕಡೆ ಕೂಡಿ ಕೆಲಸ ಮಾಡುವುದನ್ನು ಅದು ನೋಡಿರುವುದಿಲ್ಲ. ಹಾಗೆ ಕೂಡಿರುವ, ಮಕ್ಕಳ ಕಣ್ಣಿಗೆ ಬೀಳುವ, ಕೈಗೆಟುಕುವ ಉದಾಹರಣೆಯೊಂದು ಬೇಕು. ಸಣ್ಣ ವ್ಯಾಪಾರದ ಜಾಗಗಳಲ್ಲಿರುವ ಟೆಲಿಫೋನ್ ವ್ಯವಸ್ಥೆ ಅಂಥದ್ದು. ಜನ ಅದನ್ನು ಇಂಟರ್‌ಕಾಮ್ ಎನ್ನುತ್ತಾರೆ, ಕೆಲಸಗಾರರು ಇಪಿಎಬಿಎಕ್ಸ್ ಎನ್ನುತ್ತಾರೆ.

ಝಳಕಿ ವಿಜಯಪುರ–ಸೋಲಾಪುರ ಹೆದ್ದಾರಿಯ ಮೇಲಿನ ಊರು. ಇಂಡಿಗೂ ಚಡಚಣಕ್ಕೂ ಇಲ್ಲಿಂದ ದಾರಿ ಕವಲೊಡೆಯುತ್ತದೆ. ಇಂಥ ಊರಿನ ಮಕ್ಕಳಿಗೆ ಲಾಡ್ಜು, ಖಾನಾವಳಿ, ಗೋದಾಮು, ಆಸ್ಪತ್ರೆ ಹೊಸವಲ್ಲ. ಅಲ್ಲಿಯ ಮೇಜಿನ ಮೇಲಿನ ಫೋನಿನಲ್ಲಿ ಎರಡಂಕಿ ಒತ್ತಿದರೆ ಹಿಂದಿನ ಕೋಣೆಯಲ್ಲಿ ರಿಂಗ್ ಆಗುವುದನ್ನು ಅವರು ಬಲ್ಲರು. ಆ ಪರಿಚಯವೇ ನಮ್ಮ ಪಾಠದ ಬಂಡವಾಳ.

ನಾನು ವೀಕ್ಷಿಸಿದ ಪಾಠಗಳಲ್ಲಿ ಈ ವಿಷಯ ಬಂದಾಗಲೆಲ್ಲ ಒಂದು ಪದ್ಧತಿ ಕಾಣುತ್ತದೆ. ಪ್ರಶಿಕ್ಷಣಾರ್ಥಿ ಹಲಗೆಯ ನಡುವೆ ಒಂದು ಚೌಕ ಬರೆಯುತ್ತಾರೆ. ಅದರ ಸುತ್ತ ಡೋರ್‌ಫೋನ್, ಸ್ಪೀಕರ್, ಬ್ಯಾಟರಿ, ಪ್ರಿಂಟರ್ ಎಂದು ಬರೆದು, ಪ್ರತಿಯೊಂದಕ್ಕೂ ಒಂದೊಂದು ಗೆರೆ ಎಳೆಯುತ್ತಾರೆ. ಮಕ್ಕಳು ಹೆಸರುಗಳನ್ನು ಬರೆದುಕೊಳ್ಳುತ್ತಾರೆ, ಮೌಲ್ಯಮಾಪನದಲ್ಲಿ ಹೆಸರುಗಳನ್ನು ಹೇಳುತ್ತಾರೆ, ಪಾಠ ಮುಗಿಯುತ್ತದೆ. ಆ ಒಂದು ಗೆರೆಯೊಳಗೆ ಏನು ಹರಿಯುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಒಂದು ಗೆರೆಯ ಬದಲು ಮೂರು ಗೆರೆ ಎಳೆಯಿರಿ. ವಿದ್ಯುತ್ತಿನ ದಾರಿ ಒಂದು, ಮಾತಿನ ದಾರಿ ಒಂದು, ಅಪ್ಪಣೆಯ ದಾರಿ ಒಂದು. ಯಾವ ಉಪಕರಣ ಬಂದರೂ ಈ ಮೂರನ್ನು ಕೇಳಿ. ಕೊನೆಗೆ ನಾಲ್ಕನೆಯದೊಂದು ಪ್ರಶ್ನೆ ಕೇಳಿ: ಕರೆಂಟ್ ಹೋದರೆ ಏನು ಉಳಿಯುತ್ತದೆ?

ಮೊದಲು ಮೂಲ ವ್ಯವಸ್ಥೆ

ಐಚ್ಛಿಕ ಉಪಕರಣಕ್ಕೆ ಹೋಗುವ ಮುನ್ನ ಮೂಲ ಪೆಟ್ಟಿಗೆ ತಿಳಿದಿರಬೇಕು. ಸಣ್ಣ ವ್ಯವಸ್ಥೆಯಲ್ಲಿ ಮೂರು ಭಾಗ. ಹೊರಗಿನ ಎಕ್ಸ್‌ಚೇಂಜಿನಿಂದ ಬರುವ ಲೈನು ಒಂದೋ ಎರಡೋ ಇರುತ್ತದೆ. ಇದನ್ನು ಟ್ರಂಕ್ ಲೈನ್ ಎನ್ನುತ್ತಾರೆ. ಒಳಗಿನ ಫೋನುಗಳು ಎಂಟೋ ಹದಿನಾರೋ ಇರುತ್ತವೆ. ಇವು ಎಕ್ಸ್‌ಟೆನ್ಷನ್‌ಗಳು. ಇವೆರಡರ ನಡುವೆ ಯಾರನ್ನು ಯಾರಿಗೆ ಜೋಡಿಸಬೇಕೆಂದು ನಿರ್ಧರಿಸುವ ಪೆಟ್ಟಿಗೆ.

ಸಾಂಪ್ರದಾಯಿಕ ತಾಮ್ರದ ಲೈನಿನಲ್ಲಿ ಎಕ್ಸ್‌ಚೇಂಜು ಮಾತನ್ನಷ್ಟೇ ಅಲ್ಲ, ವಿದ್ಯುತ್ತನ್ನೂ ಕಳಿಸುತ್ತದೆ. ರಿಸೀವರ್ ಇಟ್ಟಿರುವಾಗ ಜೋಡಿ ತಂತಿಯ ನಡುವೆ ಸುಮಾರು 48 ವೋಲ್ಟ್ ನೇರ ವಿದ್ಯುತ್ತಿನ ವಿಭವಾಂತರ ಇರುತ್ತದೆ, ಆದರೆ ಪ್ರವಾಹ ಇರುವುದಿಲ್ಲ. ರಿಸೀವರ್ ಎತ್ತಿದೊಡನೆ ಮಂಡಲ ಪೂರ್ಣವಾಗಿ ಸುಮಾರು 20ರಿಂದ 40 ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆ. 'ಇವರು ಫೋನ್ ಎತ್ತಿದರು' ಎಂದು ಎಕ್ಸ್‌ಚೇಂಜಿಗೆ ಗೊತ್ತಾಗುವುದು ಈ ಪ್ರವಾಹದಿಂದಲೇ. ಕರೆ ಬಂದಾಗ ಇದೇ ತಂತಿಯ ಮೇಲೆ ಸುಮಾರು 75 ವೋಲ್ಟ್, 25 ಹರ್ಟ್ಸ್ ಆವೃತ್ತಿಯ ಪರ್ಯಾಯ ವಿದ್ಯುತ್ ಬರುತ್ತದೆ. ನಮ್ಮ ದೇಶದ ರಿಂಗಿನ ತಾಳ ಮಕ್ಕಳಿಗೆ ಚೆನ್ನಾಗಿ ಗೊತ್ತು. 0.4 ಸೆಕೆಂಡ್ ಸದ್ದು, 0.2 ಸೆಕೆಂಡ್ ಬಿಡುವು, ಮತ್ತೆ 0.4 ಸೆಕೆಂಡ್ ಸದ್ದು, ಬಳಿಕ 2 ಸೆಕೆಂಡ್ ಮೌನ. ತರಗತಿಯಲ್ಲಿ ಚಪ್ಪಾಳೆಯಿಂದ ಇದನ್ನು ಬಾರಿಸಿ ತೋರಿಸಿದರೆ ಯಾರೂ ಮರೆಯುವುದಿಲ್ಲ.

ಓಮ್‌ನ ನಿಯಮಕ್ಕೆ ಇಲ್ಲಿ ಒಳ್ಳೆಯ ಲೆಕ್ಕ ಸಿಗುತ್ತದೆ. ಎಕ್ಸ್‌ಚೇಂಜಿನೊಳಗಿನ ರೋಧ 400 ಓಮ್, ಹೋಗಿಬರುವ ತಂತಿಯ ರೋಧ 700 ಓಮ್, ಫೋನಿನ ರೋಧ 300 ಓಮ್ ಎಂದು ಹಿಡಿಯೋಣ. ಸರಣಿ ಜೋಡಣೆಯಾದ್ದರಿಂದ ಒಟ್ಟು 1400 ಓಮ್. 48 ವೋಲ್ಟನ್ನು 1400ರಿಂದ ಭಾಗಿಸಿದರೆ ಸುಮಾರು 34 ಮಿಲಿಆಂಪಿಯರ್. ಫೋನಿನ ಎರಡು ತುದಿಗಳ ನಡುವೆ ಉಳಿಯುವುದು ಸುಮಾರು 10 ವೋಲ್ಟ್. 0.5 ಮಿಲಿಮೀಟರ್ ದಪ್ಪದ ತಾಮ್ರದ ಜೋಡಿಯಲ್ಲಿ ಪ್ರತಿ ಕಿಲೋಮೀಟರಿಗೆ ಹೋಗಿಬರುವ ರೋಧ ಸುಮಾರು 175 ಓಮ್ ಆಗುವುದರಿಂದ, 700 ಓಮ್ ಎಂದರೆ ನಾಲ್ಕು ಕಿಲೋಮೀಟರ್ ಲೈನು. ಪುಸ್ತಕದ ಸರಣಿ ಜೋಡಣೆಯ ಲೆಕ್ಕ ಹೀಗೆ ಊರಿನ ಕಂಬಗಳವರೆಗೆ ಹೋಗುತ್ತದೆ.

ಇಲ್ಲಿಯೇ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. 75 ವೋಲ್ಟಿನ ರಿಂಗ್ ಕೈಗೆ ತಗುಲಿದರೆ ಜೋರಾಗಿ ಶಾಕ್ ಹೊಡೆಯುತ್ತದೆ. ಆದ್ದರಿಂದ ಜೀವಂತ ಲೈನನ್ನು ತರಗತಿಯಲ್ಲಿ ಬಿಚ್ಚಬಾರದು. ತರಗತಿಯ ಕೆಲಸವೆಲ್ಲ ಟಾರ್ಚಿನ ಸೆಲ್ಲುಗಳ ಮೇಲೆಯೇ ನಡೆಯಲಿ.

ಪೆಟ್ಟಿಗೆಯಲ್ಲಿ ಖಾಲಿ ಜಾಗ ಏಕೆ?

ಐಚ್ಛಿಕ ಎಂಬ ಮಾತು ನಮ್ಮ ಓದುಗರಿಗೆ ಐಚ್ಛಿಕ ವಿಷಯದಿಂದ ಪರಿಚಿತ. ಇಲ್ಲಿಯೂ ಅರ್ಥ ಅದೇ. ಮೂಲ ವ್ಯವಸ್ಥೆ ಎಲ್ಲರಿಗೂ ಒಂದೇ, ಉಳಿದದ್ದು ಬೇಕಾದವರಿಗೆ. ತಯಾರಕರು ಪೆಟ್ಟಿಗೆಯೊಳಗೆ ಖಾಲಿ ಸ್ಲಾಟುಗಳನ್ನೂ ಬಳಸದ ಕನೆಕ್ಟರುಗಳನ್ನೂ ಬಿಟ್ಟಿರುತ್ತಾರೆ. ಬೇಕಾದ ಕಾರ್ಡನ್ನು ಅಲ್ಲಿ ಕೂಡಿಸಿದರೆ ಹೊಸ ಸೌಲಭ್ಯ ಬರುತ್ತದೆ.

ಈ ಕಾರ್ಡ್ ಪದ್ಧತಿಗೆ ನಮ್ಮ ನಾಡಿನಲ್ಲೇ ಒಂದು ಹೆಮ್ಮೆಯ ಉದಾಹರಣೆ ಇದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು 128 ಪೋರ್ಟುಗಳ ಸಣ್ಣ ಡಿಜಿಟಲ್ ಎಕ್ಸ್‌ಚೇಂಜನ್ನು ರೂಪಿಸಿತು. ಎ.ಸಿ. ಕೋಣೆ ಇಲ್ಲದೆ, ಸೆಕೆ-ಧೂಳಿನಲ್ಲೂ ನಡೆಯಬೇಕೆಂಬುದು ಅದರ ಗುರಿ. ಅಂಥ ಮೊದಲ ಎಕ್ಸ್‌ಚೇಂಜು 1986ರಲ್ಲಿ ಶುರುವಾದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಕಚೇರಿಗಳ ಇಂಟರ್‌ಕಾಮ್ ಪೆಟ್ಟಿಗೆ ಮತ್ತು ಹಳ್ಳಿಯ ಎಕ್ಸ್‌ಚೇಂಜು ಒಂದೇ ಮನೆತನದವು ಎಂಬುದನ್ನು ಇದು ತೋರಿಸುತ್ತದೆ. ಒಂದು ಚೌಕಟ್ಟು, ಅದರಲ್ಲಿ ಸಾಲಾಗಿ ಕಾರ್ಡುಗಳು. ಒಂದು ಕಾರ್ಡ್ ಕೆಟ್ಟರೆ ಅದನ್ನಷ್ಟೇ ತೆಗೆದು ಬೇರೆಯದನ್ನು ಹಾಕಬಹುದು.

ಮೂರು ದಾರಿಗಳು

ಈಗ ಹೆದ್ದಾರಿ ಬದಿಯಲ್ಲಿ ಒಂದು ಲಾಡ್ಜ್ ಇದೆ, ಅದರ ಹಿಂದೆ ಲಾರಿ ನಿಲ್ಲುವ ಅಂಗಳವಿದೆ ಎಂದು ಇಟ್ಟುಕೊಳ್ಳೋಣ. ಮಾಲೀಕರಿಗೆ ಐದು ಅಗತ್ಯಗಳಿವೆ. ರಾತ್ರಿ ಬಾಗಿಲಿಗೆ ಬಂದವರೊಡನೆ ಒಳಗಿನಿಂದಲೇ ಮಾತಾಡಿ ಬಾಗಿಲು ತೆರೆಯಬೇಕು. ಅಂಗಳದಲ್ಲಿರುವ ಡ್ರೈವರನ್ನು ಕೂಗಿ ಕರೆಯಬೇಕು. ಕರೆ ಮಾಡಿದವರು ಕಾಯುವಾಗ ಏನಾದರೂ ಕೇಳಿಸಬೇಕು. ಯಾವ ಕೋಣೆಯಿಂದ ಎಷ್ಟು ಕರೆ ಹೋಯಿತೆಂದು ತಿಳಿಯಬೇಕು. ಕರೆಂಟ್ ಹೋದರೂ ಫೋನ್ ನಡೆಯಬೇಕು. ಪಾಠವನ್ನು ಉಪಕರಣದ ಹೆಸರಿನಿಂದ ಶುರು ಮಾಡದೆ ಈ ಅಗತ್ಯಗಳಿಂದ ಶುರು ಮಾಡಿ. ಮಕ್ಕಳೇ ಇನ್ನೂ ಎರಡು ಅಗತ್ಯ ಸೇರಿಸುತ್ತಾರೆ.

*ಡೋರ್‌ಫೋನ್ ಮತ್ತು ಬಾಗಿಲಿನ ಬೀಗ.* ಬಾಗಿಲ ಬಳಿಯ ಚಿಕ್ಕ ಪೆಟ್ಟಿಗೆಯಲ್ಲಿ ಮೈಕು, ಸ್ಪೀಕರು, ಒಂದು ಗುಂಡಿ. ಅದರಿಂದ ಜೋಡಿ ತಂತಿ ಬಂದು ಡೋರ್‌ಫೋನ್ ಕಾರ್ಡಿಗೆ ಸೇರುತ್ತದೆ. ಇದು ಮಾತಿನ ದಾರಿ. ಬೀಗದ ಕಥೆ ಬೇರೆ. ಒಳಗಿನವರು ಫೋನಿನಲ್ಲಿ ಒಂದು ಸಂಕೇತ ಒತ್ತಿದಾಗ ಪೆಟ್ಟಿಗೆಯೊಳಗಿನ ರಿಲೇ ಕೆಲವು ಸೆಕೆಂಡ್ ಮುಚ್ಚಿಕೊಳ್ಳುತ್ತದೆ. ಆ ರಿಲೇ ವಿದ್ಯುತ್ತನ್ನು ಕೊಡುವುದಿಲ್ಲ, ಎರಡು ತಂತಿಗಳನ್ನು ಕೂಡಿಸುತ್ತದೆ ಅಷ್ಟೇ. ಕೆಲಸಗಾರರು ಇದಕ್ಕೆ ಡ್ರೈ ಕಾಂಟ್ಯಾಕ್ಟ್ ಎನ್ನುತ್ತಾರೆ. ಇದು ಅಪ್ಪಣೆಯ ದಾರಿ. ಬೀಗ ಎಳೆಯುವ ಶಕ್ತಿ ಬೇರೆಯೇ 12 ವೋಲ್ಟ್ ಅಡಾಪ್ಟರಿನಿಂದ ಬರಬೇಕು. ಇದು ವಿದ್ಯುತ್ತಿನ ದಾರಿ. ಅಪ್ಪಣೆಯ ದಾರಿಯನ್ನು ವಿದ್ಯುತ್ತಿನ ದಾರಿ ಎಂದುಕೊಂಡು ಆ ಸಣ್ಣ ರಿಲೇ ಮೂಲಕ 230 ವೋಲ್ಟ್ ಹಾಯಿಸಿದರೆ ಕಾರ್ಡೂ ಹೋಗುತ್ತದೆ, ಮುಟ್ಟಿದವರ ಜೀವಕ್ಕೂ ಅಪಾಯ. ಮೂರು ಗೆರೆ ಎಳೆಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಬೀಗದೊಳಗಿನ ಸುರುಳಿಯಲ್ಲಿ ಪ್ರವಾಹ ತಟ್ಟನೆ ನಿಂತಾಗ ಅದು ಕ್ಷಣಕಾಲ ದೊಡ್ಡ ವೋಲ್ಟೇಜನ್ನು ಹುಟ್ಟಿಸುತ್ತದೆ. ರಿಲೇಯ ತುದಿಗಳಲ್ಲಿ ಕಿಡಿ ಹಾರುವುದು ಇದರಿಂದ. ಅದನ್ನು ತಡೆಯಲು ಸುರುಳಿಗೆ ಅಡ್ಡಲಾಗಿ, ತಿರುವುಮುರುವಾಗಿ ಒಂದು ಡಯೋಡ್ ಹಾಕುತ್ತಾರೆ. ಮಕ್ಕಳಿಗೆ ಇಷ್ಟು ವಿವರ ಬೇಕಿಲ್ಲ, ಆದರೆ ಯಾರಾದರೂ ಕೇಳಿದರೆ ಶಿಕ್ಷಕರಿಗೆ ಉತ್ತರ ಗೊತ್ತಿರಬೇಕು.

*ಅಂಗಳದ ಸ್ಪೀಕರ್.* ಕೂಗಿ ಕರೆಯುವ ಸೌಲಭ್ಯಕ್ಕೆ ಪೇಜಿಂಗ್ ಎನ್ನುತ್ತಾರೆ. ಪೆಟ್ಟಿಗೆಯ ಪೇಜಿಂಗ್ ಕನೆಕ್ಟರಿನಿಂದ ಬರುವುದು ಬಹಳ ಸಣ್ಣ ಸಂಕೇತ. ಅದು ಅಂಗಳದ ಹಾರ್ನ್ ಸ್ಪೀಕರನ್ನು ನೇರವಾಗಿ ನುಡಿಸಲಾರದು. ನಡುವೆ ಆಂಪ್ಲಿಫೈಯರ್ ಬೇಕು. ಮಾತಿನ ದಾರಿ ಪೆಟ್ಟಿಗೆಯಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಹಾರ್ನಿಗೆ. ವಿದ್ಯುತ್ತಿನ ದಾರಿ ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ. ಕೆಲವು ವ್ಯವಸ್ಥೆಗಳಲ್ಲಿ ಆಂಪ್ಲಿಫೈಯರನ್ನು ಬೇಕಾದಾಗ ಮಾತ್ರ ಚಾಲೂ ಮಾಡಲು ಇನ್ನೊಂದು ರಿಲೇ ಇರುತ್ತದೆ, ಅದು ಅಪ್ಪಣೆಯ ದಾರಿ.

ಹಾರ್ನಿನಲ್ಲಿ ಸದಾ 'ಗುಂಯ್' ಎಂಬ ಸದ್ದು ಬರುತ್ತಿದ್ದರೆ ಎರಡು ಕಾರಣ ಹುಡುಕಬೇಕು. ಒಂದು, ಮಾತಿನ ತಂತಿ 230 ವೋಲ್ಟಿನ ತಂತಿಯ ಜೊತೆಗೇ ಒಂದೇ ಪೈಪಿನಲ್ಲಿ ಹೋಗಿರಬಹುದು. ಪರ್ಯಾಯ ವಿದ್ಯುತ್ತಿನ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂದು ಮಕ್ಕಳು ಓದಿದ್ದಾರಲ್ಲ, ಅದೇ ಇದು. ಟೆಲಿಫೋನಿನ ಜೋಡಿ ತಂತಿಯನ್ನು ಹೊಸೆದಿರುವುದೂ ಇದಕ್ಕೇ. ಹೊಸೆದ ಎರಡೂ ತಂತಿಗಳಿಗೆ ಸಮನಾಗಿ ತಗುಲಿದ ಗದ್ದಲ ಒಂದನ್ನೊಂದು ಕಳೆದುಕೊಳ್ಳುತ್ತದೆ. ಎರಡು, ಪೆಟ್ಟಿಗೆಯ ಭೂಸಂಪರ್ಕವೂ ಆಂಪ್ಲಿಫೈಯರಿನ ಭೂಸಂಪರ್ಕವೂ ಬೇರೆಬೇರೆ ಕಡೆ ಇರಬಹುದು. ಆಗ ನಡುವೆ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಹಾಕುತ್ತಾರೆ. ತಂತಿಯಿಂದ ತಂತಿಗೆ ನೇರ ಸಂಪರ್ಕವಿಲ್ಲದೆ ಮಾತು ಮಾತ್ರ ದಾಟುತ್ತದೆ.

*ಕಾಯುವವರಿಗೆ ಸಂಗೀತ.* ಇದರಲ್ಲಿ ಮಾತಿನ ದಾರಿಯೇ ಮುಖ್ಯ. ಹೊರಗಿನ ಪ್ಲೇಯರಿನಿಂದ ಒಂದು ಆಡಿಯೊ ತಂತಿ ಪೆಟ್ಟಿಗೆಯ ಕಿಂಡಿಗೆ ಬರುತ್ತದೆ. ವಾಲ್ಯೂಮ್ ಹೆಚ್ಚಾದರೆ ಧ್ವನಿ ಒಡೆಯುತ್ತದೆ. ಇಲ್ಲಿ ಮಕ್ಕಳಿಗೆ ಇನ್ನೊಂದು ಸಂಗತಿ ಹೇಳಬಹುದು. ಸಿನಿಮಾ ಹಾಡುಗಳಿಗೆ ಹಕ್ಕುದಾರರಿರುತ್ತಾರೆ, 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು ಕಾಯುತ್ತದೆ. ವ್ಯಾಪಾರದ ಜಾಗದಲ್ಲಿ ನಮ್ಮದೇ ಧ್ವನಿಯಲ್ಲಿ 'ದಯವಿಟ್ಟು ಕಾಯಿರಿ' ಎಂದು ಮುದ್ರಿಸಿ ಹಾಕಿದರೆ ತಕರಾರಿಲ್ಲ.

*ಕರೆಗಳ ಲೆಕ್ಕದ ಪ್ರಿಂಟರ್.* 'ಇದಕ್ಕೆ ಮಾತಿನ ದಾರಿ ಇದೆಯೇ?' ಎಂದು ತರಗತಿಯನ್ನೇ ಕೇಳಿ. ಅರ್ಧ ಜನ ಇದೆ ಎನ್ನುತ್ತಾರೆ, ಅರ್ಧ ಜನ ಇಲ್ಲ ಎನ್ನುತ್ತಾರೆ. ಈ ಜಗಳ ಒಳ್ಳೆಯದು. ಇಲ್ಲಿ ತಂತಿಯಲ್ಲಿ ಹೋಗುವುದು ಧ್ವನಿಯಲ್ಲ, ಅಕ್ಷರ. ಯಾವ ಎಕ್ಸ್‌ಟೆನ್ಷನ್, ಯಾವ ನಂಬರು, ಎಷ್ಟು ಹೊತ್ತು ಎಂಬುದು ಒಂದೊಂದು ಅಕ್ಷರವಾಗಿ ಸಾಲಿನಲ್ಲಿ ಹೋಗುತ್ತದೆ. ಎರಡೂ ಕಡೆ ಒಂದೇ ವೇಗ ಹೊಂದಿಸಿರದಿದ್ದರೆ ಕಾಗದದ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬೀಳುತ್ತವೆ. ಹಾಗಾಗಿ ಎರಡನೆಯ ದಾರಿಯನ್ನು ಮಕ್ಕಳು 'ಸುದ್ದಿಯ ದಾರಿ' ಎಂದು ಕರೆಯಲು ಬಯಸಿದರೆ ಒಪ್ಪಿಕೊಳ್ಳಿ. ಪರಿಕಲ್ಪನೆಯನ್ನು ಅವರೇ ತಿದ್ದಿದರೆ ಅದು ಕಲಿಕೆಯೇ.

*ಬ್ಯಾಟರಿ.* ಇದರಲ್ಲಿ ವಿದ್ಯುತ್ತಿನ ದಾರಿಯೊಂದೇ. ಪೆಟ್ಟಿಗೆ 24 ವೋಲ್ಟಿನದಾದರೆ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಪೆಟ್ಟಿಗೆ 30 ವಾಟ್ ಎಳೆಯುತ್ತದೆ ಎಂದರೆ ಪ್ರವಾಹ 1.25 ಆಂಪಿಯರ್. ಬ್ಯಾಟರಿ 7 ಆಂಪಿಯರ್-ಗಂಟೆಯದಾದರೆ ಕಾಗದದ ಮೇಲೆ ಐದೂವರೆ ಗಂಟೆ ದಾಟುತ್ತದೆ. ಆದರೆ ಆ 7 ಎಂಬ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ ಖರ್ಚು ಮಾಡಿದಾಗಿನದು. ಬೇಗ ಎಳೆದರೆ ಕಡಿಮೆ ಸಿಗುತ್ತದೆ. ಬೇಸಿಗೆಯ ಬಿಸಿಲು ಮತ್ತು ಬ್ಯಾಟರಿಯ ವಯಸ್ಸು ಇನ್ನೂ ಕಡಿಮೆ ಮಾಡುತ್ತವೆ. ನಾಲ್ಕು ಗಂಟೆಗಿಂತ ಹೆಚ್ಚು ನೆಚ್ಚಿಕೊಳ್ಳಬಾರದು ಎಂದು ಹೇಳುವುದು ಸರಿ. 24 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಎರಡು ತುದಿಗಳ ಮೇಲೆ ಸ್ಪ್ಯಾನರ್ ಬಿದ್ದರೆ ಬೆಂಕಿ ಹಾರುವಷ್ಟು ಪ್ರವಾಹ ಹರಿಯುತ್ತದೆ. ಆದ್ದರಿಂದ ಬ್ಯಾಟರಿಯ ಹತ್ತಿರದಲ್ಲೇ ಸರಣಿಯಲ್ಲಿ ಫ್ಯೂಸ್ ಇರಬೇಕು, ಕೆಲಸ ಮಾಡುವವರು ಉಂಗುರ-ಬಳೆ ತೆಗೆದಿಡಬೇಕು.

ಜೋಡಿಸುವ ಕ್ರಮ

ಕ್ರಮಕ್ಕೆ ಕಾರಣವಿದೆ ಎಂಬುದನ್ನು ತೋರಿಸಲು ಇದನ್ನು ಹಲಗೆಯ ಮೇಲೆ ಬರೆಸಿ, ಪ್ರತಿ ಹಂತದ ಮುಂದೆ 'ಏಕೆ?' ಎಂದು ಕೇಳಿ.

1. ಉಪಕರಣದ ಜೊತೆ ಬಂದ ಕೈಪಿಡಿ ಓದುವುದು. ಒಂದು ಕಂಪನಿಯ ಕಾರ್ಡ್ ಇನ್ನೊಂದರ ಪೆಟ್ಟಿಗೆಗೆ ಹೊಂದುವುದಿಲ್ಲ.
2. ಭೂಸಂಪರ್ಕ ಸರಿಯಿದೆಯೇ ನೋಡುವುದು. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ ಹೊರಗಿನ ಲೈನಿನಿಂದ ಬರುವ ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ ಹಾಕಿದ್ದರೂ, ನೆಲದ ಸಂಪರ್ಕ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.
3. ಮೂರೂ ಕಡೆಯ ವಿದ್ಯುತ್ತನ್ನು ಬಿಡಿಸುವುದು: ಗೋಡೆಯ ಪ್ಲಗ್ಗು, ಬ್ಯಾಟರಿ, ಹೊರಗಿನ ಟೆಲಿಫೋನ್ ಲೈನು. ಪ್ಲಗ್ ಮಾತ್ರ ತೆಗೆದರೆ ಉಳಿದ ಎರಡು ಕಡೆಯಿಂದ ವಿದ್ಯುತ್ ಬರುತ್ತಲೇ ಇರುತ್ತದೆ.
4. ಮೈಮೇಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಕಾರ್ಡನ್ನು ಅಂಚಿನಲ್ಲಿ ಹಿಡಿದು ಸ್ಲಾಟಿಗೆ ಕೂಡಿಸುವುದು.
5. ತಂತಿ ಎಳೆಯುವುದು. 230 ವೋಲ್ಟಿನ ತಂತಿಯಿಂದ ದೂರ, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ. ಪ್ರತಿ ಜೋಡಿಯ ಎರಡೂ ತುದಿಗೆ ಚೀಟಿ ಕಟ್ಟುವುದು.
6. ವಿದ್ಯುತ್ ಕೊಟ್ಟು, ಒಂದೊಂದೇ ಉಪಕರಣವನ್ನು ಪರೀಕ್ಷಿಸುವುದು. ಎಲ್ಲವನ್ನೂ ಒಮ್ಮೆಲೇ ಜೋಡಿಸಿದರೆ ದೋಷ ಎಲ್ಲಿದೆಯೆಂದು ತಿಳಿಯುವುದಿಲ್ಲ.
7. ಪೆಟ್ಟಿಗೆಗೆ ಹೇಳಿಕೊಡುವುದು, ಅಂದರೆ ಪ್ರೋಗ್ರಾಮಿಂಗ್.

ಏಳನೆಯ ಹಂತ ಮಕ್ಕಳಿಗೆ ಅಚ್ಚರಿ. ತಂತಿಯೆಲ್ಲ ಸರಿಯಿದ್ದರೂ 'ಬಾಗಿಲ ಗುಂಡಿ ಒತ್ತಿದಾಗ ಯಾವ ಫೋನ್ ರಿಂಗ್ ಆಗಬೇಕು, ಬೀಗ ಎಷ್ಟು ಸೆಕೆಂಡ್ ತೆರೆದಿರಬೇಕು' ಎಂದು ಹೇಳದಿದ್ದರೆ ಡೋರ್‌ಫೋನ್ ಮಾಲೀಕರಿಗೆ ಬೇಕಾದಂತೆ ನಡೆಯುವುದಿಲ್ಲ. ಹಲವು ಸಣ್ಣ ಪೆಟ್ಟಿಗೆಗಳಲ್ಲಿ ಇದನ್ನು ಒಂದು ಫೋನಿನ ಅಂಕಿಗಳನ್ನು ಒತ್ತಿಯೇ ಹೇಳುತ್ತಾರೆ. ಒಂದೊಂದು ಅಂಕಿಯೂ ಎರಡು ಸ್ವರಗಳ ಕೂಟ. 5 ಒತ್ತಿದರೆ 770 ಹರ್ಟ್ಸ್ ಮತ್ತು 1336 ಹರ್ಟ್ಸ್‌ನ ಎರಡು ಸ್ವರಗಳು ಒಟ್ಟಿಗೆ ಹೋಗುತ್ತವೆ. ಇಲ್ಲಿ ಮಾತಿನ ದಾರಿಯಲ್ಲೇ ಅಪ್ಪಣೆಯೂ ಹೋಗುತ್ತಿದೆ ಎಂದು ಯಾವುದಾದರೂ ಮಗು ಗಮನಿಸಿದರೆ, ಆ ಮಗು ಪಾಠವನ್ನು ಹಿಡಿದಿದೆ ಎಂದು ತಿಳಿಯಿರಿ.

ನಾಲ್ಕನೆಯ ಪ್ರಶ್ನೆ: ಕರೆಂಟ್ ಹೋದರೆ?

ಈ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. 'ಸರ್, ಕರೆಂಟ್ ಹೋದ್ರ ಫೋನ್ ನಡಿತೈತೇನ್ರಿ?' ಇದಕ್ಕೆ ಹೌದು-ಇಲ್ಲ ಎಂದು ಉತ್ತರಿಸಬೇಡಿ. ಪ್ರತಿ ಉಪಕರಣದ ವಿದ್ಯುತ್ತಿನ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಲು ಹೇಳಿ.

ಬಾಗಿಲ ಬೀಗದಲ್ಲಿ ಎರಡು ಬಗೆ. ವಿದ್ಯುತ್ ಬಂದಾಗ ತೆರೆಯುವುದು ಒಂದು, ವಿದ್ಯುತ್ ಇರುವವರೆಗೆ ಮುಚ್ಚಿರುವುದು ಇನ್ನೊಂದು. ಕರೆಂಟ್ ಹೋದಾಗ ಮೊದಲನೆಯದು ಮುಚ್ಚಿಯೇ ಉಳಿಯುತ್ತದೆ, ಎರಡನೆಯದು ತೆರೆದುಕೊಳ್ಳುತ್ತದೆ. ಹಣದ ಕೋಣೆಗೆ ಯಾವುದು, ಜನ ಮಲಗುವ ಕಟ್ಟಡಕ್ಕೆ ಯಾವುದು ಎಂದು ಚರ್ಚೆಗೆ ಬಿಡಿ. ಬೆಂಕಿ ಬಿದ್ದಾಗ ಒಳಗಿನವರು ಕೈಯಿಂದಲೇ ತೆರೆದು ಹೊರಬರುವಂತಿರಬೇಕು ಎಂಬ ತೀರ್ಮಾನಕ್ಕೆ ಅವರೇ ಬರುತ್ತಾರೆ.

ಇನ್ನು ಫೋನು. ಅನೇಕ ಪೆಟ್ಟಿಗೆಗಳಲ್ಲಿ ಕರೆಂಟ್ ಹೋದಾಗ ಹೊರಗಿನ ಲೈನನ್ನು ಒಂದು ಗೊತ್ತಾದ ಫೋನಿಗೆ ನೇರವಾಗಿ ಜೋಡಿಸುವ ರಿಲೇ ಇರುತ್ತದೆ. ಕೆಲವದರಲ್ಲಿ ಇದು ಐಚ್ಛಿಕ ಕಾರ್ಡ್. ಕರೆಂಟ್ ಇರುವಾಗ ವಿದ್ಯುತ್ಕಾಂತ ರಿಲೇಯನ್ನು ಎಳೆದು ಹಿಡಿದಿರುತ್ತದೆ, ಲೈನು ಪೆಟ್ಟಿಗೆಗೆ ಹೋಗುತ್ತದೆ. ಕರೆಂಟ್ ಹೋದಾಗ ವಿದ್ಯುತ್ಕಾಂತ ಬಿಡುತ್ತದೆ, ಸ್ಪ್ರಿಂಗ್ ಹಿಂದೆ ಎಳೆಯುತ್ತದೆ, ಲೈನು ಆ ಒಂದು ಫೋನಿಗೆ ಹೋಗುತ್ತದೆ. ಎಕ್ಸ್‌ಚೇಂಜಿನ 48 ವೋಲ್ಟ್ ಬರುತ್ತಲೇ ಇರುವುದರಿಂದ, ಬೇರೆ ಅಡಾಪ್ಟರ್ ಬೇಡದ ಸಾದಾ ಫೋನಾದರೆ ಮಾತಾಡಬಹುದು. ರಾತ್ರಿ ಲಾಡ್ಜಿನಲ್ಲಿ ಯಾರಿಗಾದರೂ ಎದೆನೋವು ಬಂದರೆ, 108ಕ್ಕೆ ಕರೆ ಹೋಗುವುದು ಒಂದು ಸ್ಪ್ರಿಂಗಿನ ಮೇಲೆ ನಿಂತಿದೆ.

ಇದರ ಮಾದರಿಯನ್ನು ಕಡಿಮೆ ವೆಚ್ಚದಲ್ಲಿ ಮಾಡಬಹುದು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಸಿಗುವ 6 ವೋಲ್ಟಿನ ರಿಲೇ ಒಂದು, 1.5 ವೋಲ್ಟಿನ ನಾಲ್ಕು ಸೆಲ್ಲುಗಳ ಎರಡು ಕಟ್ಟು, ಸ್ವಿಚ್ಚು ಒಂದು, ಹಸಿರು ಮತ್ತು ಕೆಂಪು ಎಲ್‌ಇಡಿ, ಪ್ರತಿ ಎಲ್‌ಇಡಿಗೆ 330 ಓಮ್ ರೋಧಕ. ಮೊದಲ ಕಟ್ಟು 'ಊರಿನ ಕರೆಂಟ್'. ಅದನ್ನು ಸ್ವಿಚ್ಚಿನ ಮೂಲಕ ರಿಲೇ ಸುರುಳಿಗೆ ಕೊಡಿ. ಎರಡನೆಯ ಕಟ್ಟು 'ಎಕ್ಸ್‌ಚೇಂಜು'. ಅದರ ಧನ ತುದಿಯನ್ನು ರಿಲೇಯ ನಡು ತುದಿಗೆ ಕೊಡಿ. ರಿಲೇ ಎಳೆದಾಗ ಕೂಡುವ ತುದಿಗೆ ಹಸಿರು ಎಲ್‌ಇಡಿ, ಬಿಟ್ಟಾಗ ಕೂಡುವ ತುದಿಗೆ ಕೆಂಪು ಎಲ್‌ಇಡಿ. ಎರಡರ ಇನ್ನೊಂದು ತುದಿಯನ್ನು ಎಕ್ಸ್‌ಚೇಂಜಿನ ಋಣ ತುದಿಗೆ ಸೇರಿಸಿ. ಹಸಿರು ಎಂದರೆ ಪೆಟ್ಟಿಗೆ, ಕೆಂಪು ಎಂದರೆ ನೇರ ಫೋನು. ಸ್ವಿಚ್ ಆರಿಸಿದೊಡನೆ 'ಟಕ್' ಎಂದು ಸದ್ದಾಗಿ ಹಸಿರು ಹೋಗಿ ಕೆಂಪು ಹತ್ತುತ್ತದೆ. ತರಗತಿ ಕೂಡಲೇ ಎದ್ದು ಕೂರುತ್ತದೆ.

ಈಗ ಮುಖ್ಯ ಘಟ್ಟ. ಎಕ್ಸ್‌ಚೇಂಜಿನ ಕಟ್ಟನ್ನು ತೆಗೆದುಬಿಡಿ. ಆ ಎರಡು ತಂತಿಗಳಲ್ಲಿ ಧನ ತಂತಿಯನ್ನು ಸ್ವಿಚ್ಚಿನ ಆಚೆಯ ತುದಿಗೂ, ಋಣ ತಂತಿಯನ್ನು ಮೊದಲ ಕಟ್ಟಿನ ಋಣ ತುದಿಗೂ ಕೊಡಿ. ಸ್ವಿಚ್ ಹಾಕಿದರೆ ಹಸಿರು ಹತ್ತುತ್ತದೆ. ಆರಿಸಿದರೆ ರಿಲೇ 'ಟಕ್' ಎನ್ನುತ್ತದೆ, ಆದರೆ ಕೆಂಪು ಹತ್ತುವುದಿಲ್ಲ. ರಿಲೇ ತನ್ನ ಕೆಲಸ ಮಾಡಿದೆ, ಆದರೂ ಫೋನ್ ಸತ್ತಿದೆ. ಏಕೆ?

ತಾಮ್ರದ ಲೈನು ಹೋಗಿ ಫೈಬರ್ ಬಂದ ಕಡೆ ಆಗಿರುವುದು ಇದೇ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ವಿದ್ಯುತ್ ಬರುವುದಿಲ್ಲ. ಬೆಳಕನ್ನು ಮತ್ತೆ ಫೋನಿನ ಸಂಕೇತವಾಗಿಸುವ ಮೋಡೆಮ್ ನಮ್ಮದೇ ಗೋಡೆಯ ಸಾಕೆಟ್ಟಿನಿಂದ ವಿದ್ಯುತ್ ಪಡೆಯುತ್ತದೆ. ಮಾತಿನ ದಾರಿ ಇನ್ನೂ ಉತ್ತಮವಾಯಿತು, ಆದರೆ ವಿದ್ಯುತ್ತಿನ ದಾರಿ ಎಕ್ಸ್‌ಚೇಂಜಿನಿಂದ ನಮ್ಮ ಮನೆಗೆ ಬದಲಾಯಿತು. ಪೆಟ್ಟಿಗೆಗೆ ಬ್ಯಾಟರಿ ಇದ್ದು ಮೋಡೆಮ್‌ಗೆ ಇಲ್ಲದಿದ್ದರೆ, ಕೋಣೆಯಿಂದ ಕೋಣೆಗೆ ಮಾತಾಡಬಹುದು, ಊರ ಹೊರಗೆ ಇಲ್ಲ. ಹಾಗಾಗಿ ಬ್ಯಾಟರಿಯ ಲೆಕ್ಕದಲ್ಲಿ ಮೋಡೆಮ್‌ನ ವಾಟ್‌ಗಳನ್ನೂ ಸೇರಿಸಬೇಕು. ಉಪಕರಣಗಳ ಹೆಸರು ಕಲಿತ ಮಗುವಿಗೆ ಇದು ಹೊಳೆಯುವುದಿಲ್ಲ. ಮೂರು ಗೆರೆ ಎಳೆದ ಮಗುವಿಗೆ ಹೊಳೆಯುತ್ತದೆ.

'ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೆಲ್ಲ ಏಕೆ?' ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಇಂದಿನ ಹೊಸ ಕಚೇರಿ ಫೋನುಗಳು ಕಂಪ್ಯೂಟರ್ ಕೇಬಲ್ಲಿನ ಮೇಲೆ ನಡೆಯುತ್ತವೆ. ಆ ಒಂದೇ ಕೇಬಲ್ಲಿನಲ್ಲಿ ಮಾತೂ ಅಪ್ಪಣೆಯೂ ಹೋಗುತ್ತವೆ, ಬಹಳ ಕಡೆ ಸುಮಾರು 48 ವೋಲ್ಟಿನ ವಿದ್ಯುತ್ತೂ ಹೋಗುತ್ತದೆ. ಸಿಸಿಟಿವಿ ಕ್ಯಾಮೆರಾ, ಶಾಲೆಯ ತಾನೇ ಬಾರಿಸುವ ಗಂಟೆ, ಹೊಲದ ಪಂಪನ್ನು ಮೊಬೈಲಿನಿಂದ ಚಾಲೂ ಮಾಡುವ ಸ್ಟಾರ್ಟರ್, ಇವೆಲ್ಲಕ್ಕೂ ಅದೇ ಮೂರು ಪ್ರಶ್ನೆ. ಪಂಪಿನ ಸ್ಟಾರ್ಟರಿನಲ್ಲಿ ಮೊಬೈಲ್ ಕೊಡುವುದು ಅಪ್ಪಣೆ ಮಾತ್ರ, ಮೋಟರಿಗೆ ಬೇಕಾದ ವಿದ್ಯುತ್ ಬೇರೆ ದಾರಿಯಲ್ಲಿ ಬರುತ್ತದೆ ಎಂದು ರೈತರ ಮಕ್ಕಳು ತಾವೇ ಹೇಳುತ್ತಾರೆ.

ನಲವತ್ತು ನಿಮಿಷದ ಹಂಚಿಕೆ

ಪೂರ್ವಜ್ಞಾನದ ಪರೀಕ್ಷೆ ಮತ್ತು ಅಗತ್ಯಗಳ ಪಟ್ಟಿಗೆ 5 ನಿಮಿಷ. ನಂತರದ 10 ನಿಮಿಷ ಹಗ್ಗದ ಆಟ. ಆರು ಮಕ್ಕಳ ಕೊರಳಿಗೆ ಪೆಟ್ಟಿಗೆ, ಡೋರ್‌ಫೋನ್, ಬೀಗ, ಆಂಪ್ಲಿಫೈಯರ್, ಬ್ಯಾಟರಿ, ಗೋಡೆಯ ಸಾಕೆಟ್ ಎಂಬ ಚೀಟಿ ಹಾಕಿ. ಕೆಂಪು ದಾರ ವಿದ್ಯುತ್ತಿಗೆ, ಹಸಿರು ಮಾತಿಗೆ, ಹಳದಿ ಅಪ್ಪಣೆಗೆ. ಯಾರಿಂದ ಯಾರಿಗೆ ಯಾವ ದಾರ ಎಂದು ಉಳಿದ ಮಕ್ಕಳು ಹೇಳಲಿ. ದಾರ ಹಿಡಿಸಿದ ಮೇಲೆ 'ಕರೆಂಟ್ ಹೋಯಿತು' ಎಂದು ಸಾಕೆಟ್ ಆಗಿರುವ ಮಗು ದಾರ ಬಿಡಲಿ. ಕೆಂಪು ದಾರ ಸಡಿಲಾದವರೆಲ್ಲ ಕೆಳಗೆ ಕೂರಬೇಕು. ಮುಂದಿನ 10 ನಿಮಿಷ ರಿಲೇ ಮಾದರಿ ಮತ್ತು ವಿವರಣೆ. ಬಳಿಕ 10 ನಿಮಿಷ ಗುಂಪು ಕೆಲಸ: ಪ್ರತಿ ಗುಂಪಿಗೂ ಒಂದು ಉಪಕರಣ, ಮೂರು ಬಣ್ಣದ ಚಿತ್ರ. ಕೊನೆಯ 5 ನಿಮಿಷ ಮೌಲ್ಯಮಾಪನ.

ಮೌಲ್ಯಮಾಪನದಲ್ಲಿ 'ಐಚ್ಛಿಕ ಉಪಕರಣಗಳನ್ನು ಹೆಸರಿಸಿ' ಎಂಬ ಪ್ರಶ್ನೆ ಬೇಡ. ಅದರ ಬದಲು, 'ಅಂಗಳದಲ್ಲಿ ಕರೆ ಬಂದದ್ದು ಕೇಳಲೆಂದು ಒಂದು ದೊಡ್ಡ ಗಂಟೆ ಹಾಕಬೇಕು, ಅದು 230 ವೋಲ್ಟಿನದು. ಪೆಟ್ಟಿಗೆಗೆ ಹೇಗೆ ಜೋಡಿಸುತ್ತೀರಿ?' ಎಂದು ಕೇಳಿ. ಪಾಠದಲ್ಲಿ ಬಾರದ ಉಪಕರಣವಿದು. ಪೆಟ್ಟಿಗೆಯ ಸಣ್ಣ ರಿಲೇ ಒಂದು ದೊಡ್ಡ ರಿಲೇಗೆ ಅಪ್ಪಣೆ ಕೊಡಲಿ, ದೊಡ್ಡ ರಿಲೇ ಗಂಟೆಗೆ ವಿದ್ಯುತ್ ಹಾಯಿಸಲಿ ಎಂಬ ಉತ್ತರ ಒಬ್ಬಿಬ್ಬರಿಂದ ಬಂದರೂ ಪಾಠ ಮುಟ್ಟಿದೆ.

ವೀಕ್ಷಣೆಗೆ ಕೂರುವ ಸಹೋದ್ಯೋಗಿಗಳಿಗೆ ಒಂದು ಕೋರಿಕೆ. ಇಂಥ ಪಾಠದಲ್ಲಿ ಪ್ರಶಿಕ್ಷಣಾರ್ಥಿಯ ಹಲಗೆಯ ಕೆಲಸ ಅಂದವಾಗಿದೆಯೇ ಎಂಬುದಕ್ಕಿಂತ, ಎಳೆದ ಪ್ರತಿ ಗೆರೆಯ ಬಳಿ ನಿಂತು 'ಇದರಲ್ಲಿ ಏನು ಹರಿಯುತ್ತದೆ?' ಎಂದು ಎಷ್ಟು ಸಲ ಕೇಳಿದರು ಎಂಬುದನ್ನು ಎಣಿಸಿ. ಮಗು ತಪ್ಪು ಬಣ್ಣದ ದಾರ ಕೊಟ್ಟಾಗ ಶಿಕ್ಷಕರು ತಾವೇ ಬದಲಿಸಿದರೋ, ಅಥವಾ 'ಹಾಗಾದರೆ ಬೀಗಕ್ಕೆ ಶಕ್ತಿ ಎಲ್ಲಿಂದ ಬಂತು?' ಎಂದು ಕೇಳಿ ಮಗುವೇ ಬದಲಿಸುವಂತೆ ಮಾಡಿದರೋ ನೋಡಿ. ಪಾಠದ ನಂತರದ ಚರ್ಚೆಯನ್ನು ಆ ಒಂದು ಘಳಿಗೆಯಿಂದ ಆರಂಭಿಸಿದರೆ ಪ್ರಶಿಕ್ಷಣಾರ್ಥಿಗಳಿಗೆ ಹೆಚ್ಚು ಉಪಯೋಗವಾಗುತ್ತದೆ.